ಸಹಿ ವಾಪಸು

ಮೊಂಟಾನಾದ ನಮ್ಮೂರ ಗಣಿಯ ಕ್ಯಾಂಟೀನಿನಲ್ಲಿ ನಾನು ಅಡುಗೆಯವಳು. ಗಣಿಯ ಹೊಲಸು ನೀರನ್ನು ನದಿಗೆ ಬಿಡಬಾರದೆಂಬ ಕಾನೂನನ್ನು ಜನರ ಮತಕ್ಕೆ ಹಾಕಿಸಲು ಊರಿನವರೇ ಸಹಿ ಸಂಗ್ರಹಿಸುತ್ತಿದ್ದರು. ದಿನಸಿ ಅಂಗಡಿಯ ಬಾಗಿಲಲ್ಲಿ ನಾನೂ ಹೆಸರು, ವಿಳಾಸ ಬರೆದು ಸಹಿ ಹಾಕಿದ್ದೆ.

ಇವತ್ತು ಗಣಿಯ ಮ್ಯಾನೇಜರ್ ಸೂಪಿಗೆ ಬಟ್ಟಲು ಚಾಚುತ್ತ ನಕ್ಕ. "ಆ ಸಹಿ ಹಾಳೆಗಳನ್ನ ಯಾರು ಬೇಕಾದ್ರೂ ಕೇಳಿ ನೋಡ್ಬಹುದಂತೆ, ವೆರ್ನಾ. ನಾವೂ ಕೇಳಿದೀವಿ."

ಸೂಪು ಬಟ್ಟಲಿಗಿಂತ ಹೆಚ್ಚಾಗಿ ಮೇಜಿನ ಮೇಲೆ ಬಿತ್ತು.

ಕೆಲಸ ಮುಗಿದದ್ದೇ ಆ ಹಾಳೆಗಳು ಸೇರುವ ಕೌಂಟಿ ಕಚೇರಿಗೆ ಓಡಿದೆ. ಅಲ್ಲಿ ಗುಮಾಸ್ತೆ ಟೋರಾ, ಚರ್ಚಿನಲ್ಲಿ ನನ್ನ ಪಕ್ಕ ನಿಂತು ಹಾಡುವವಳು.

"ನನ್ನ ಸಹಿ ತೆಗೆದುಬಿಡೇ, ಮಾರಾಯ್ತಿ."

"ಅದಕ್ಕೇನು, ತೆಗೀಬಹುದು. ಈ ಅರ್ಜೀಲಿ ಹೆಸರು ಬರೆದು ಸಹಿ ಹಾಕು."

ಪೆನ್ನು ಹಿಡಿದವಳು ಹಾಗೇ ತಲೆಯೆತ್ತಿದೆ. "ಈ ಅರ್ಜೀನ ಯಾರು ನೋಡ್ತಾರೆ?"

"ಕೇಳಿದೋರೆಲ್ಲ. ಇದೂ ಸಾರ್ವಜನಿಕ ದಾಖಲೆನೇ ಅಲ್ವೇನೆ?"

ಅಂದರೆ ನಾನು ಸಹಿ ಹಾಕಿದ್ದೂ ಮ್ಯಾನೇಜರಿಗೆ ಗೊತ್ತಾಗುತ್ತದೆ, ಹೆದರಿದ್ದೂ ಗೊತ್ತಾಗುತ್ತದೆ.

"ಹಾಳಾಗಿ ಹೋಗ್ಲಿ!" ಎಂದು ಅರ್ಜಿಯನ್ನು ಅವಳತ್ತ ತಳ್ಳಿದೆ. ಸಹಿ ಹಾಕಿದ್ದನ್ನು ಅವನು ಓದಿಕೊಳ್ಳಲಿ, ಹೆದರಿದ್ದನ್ನು ನಾನೇ ಬರೆದುಕೊಡುವುದಿಲ್ಲ.