ಮೂರನೇ ಉಲ್ಲೇಖ

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ತಮ್ಮ ಮನೆಯವರ ಹೋಟೆಲಿನಲ್ಲಿ ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ಗೋಡೆ ಬದಿಯ ಮೇಜು ಮಹಿಮಾಳದು. ಪತ್ರಿಕೋದ್ಯಮ ಓದುವ ಹುಡುಗಿ. ಅಂತರಜಾಲದ ವಿಶ್ವಕೋಶಕ್ಕೆ ತಂತಮ್ಮ ಮಾತೃಭಾಷೆಯಲ್ಲಿ ಒಬ್ಬರ ಜೀವನಚರಿತ್ರೆ ಬರೆಯಿರಿ ಎಂದು ಕಾಲೇಜಿನಲ್ಲಿ ಹೇಳಿದ್ದರು. ಅವಳು ಆರಿಸಿಕೊಂಡದ್ದು ಡಾ. ಅನಸೂಯ ಹೊಸಮನಿಯವರನ್ನು. ಗದಗದ ಕಡೆಯವರು, ನಿವೃತ್ತ ವಿಜ್ಞಾನಿ. ಬಟ್ಟೆಗೆ ಬಣ್ಣ ಹಾಕಿ ಹೊರಬಿಟ್ಟ ನೀರನ್ನು ಶುದ್ಧ ಮಾಡುವ ವಿಧಾನದ ಮೇಲೆ ಮೂವತ್ತು ವರ್ಷ ದುಡಿದವರು. ಪತ್ರಿಕೆಗಳಲ್ಲಿ ಬಂದ ಎರಡು ಲೇಖನ, ಕನ್ನಡ ಸಂಘದ ಸ್ಮರಣ ಸಂಚಿಕೆಯ ಒಂದು ಪುಟ, ಇಷ್ಟು ಸಾಮಗ್ರಿ ಸಿಕ್ಕಿತ್ತು.

ಕೆಲಸದ ಭಾಗ ಚೆನ್ನಾಗಿಯೇ ಬಂತು. ತೊಡಕಾದದ್ದು ಪುಟದ ಬಲಬದಿಯ ಚೌಕ. ಹುಟ್ಟು, ಓದು, ವೃತ್ತಿ ಎಲ್ಲ ತುಂಬಿದವು. ‘ಸಂಗಾತಿ’, ‘ಮಕ್ಕಳು’ ಎಂಬ ಎರಡು ಸಾಲು ಮಾತ್ರ ಬಾಯಿ ತೆರೆದುಕೊಂಡು ಕೂತಿದ್ದವು. ಹಾಗೇ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ.

“ಅಮ್ಮ, ಹೊಸಮನಿ ಮೇಡಂ ಗಂಡನ ಹೆಸರೆಂತ?”

ಗಲ್ಲಾದಲ್ಲಿ ಕೂತಿದ್ದ ಅವಳ ತಾಯಿ ಲಕ್ಷ್ಮಿ ದನಿ ತಗ್ಗಿಸಿದರು. “ಗಂಡನಾ? ಗಂಡನನ್ನು ಬಿಟ್ಟು ಬಂದದ್ದಲ್ವಾ ಮಾರಾಯ್ತಿ ಅವರು! ಎಳೆ ಮಗುವನ್ನೂ ಬಿಟ್ಟು, ಲ್ಯಾಬು ಲ್ಯಾಬು ಅಂತ ಇಲ್ಲಿಗೆ ಬಂದರಂತೆ. ಎಲ್ಲರಿಗೂ ಗೊತ್ತುಂಟು.”

ಎಲ್ಲರಿಗೂ ಗೊತ್ತುಂಟು ಎಂದ ಮೇಲೆ ಸಾಕ್ಷಿ ಕೇಳುವವರು ಯಾರು? ಮಹಿಮಾ ‘ವೈಯಕ್ತಿಕ ಜೀವನ’ ಎಂದು ತಲೆಬರಹ ಕೊಟ್ಟು ಬರೆದಳು: ‘ಸಂಶೋಧನೆಗಾಗಿ ಇವರು ಪತಿಯನ್ನೂ ಎಳೆಯ ಮಗುವನ್ನೂ ತೊರೆದು ಅಹಮದಾಬಾದಿಗೆ ಬಂದರು.’ ವಿಶ್ವಕೋಶದಲ್ಲಿ ಇಂಥ ಮಾತಿಗೆಲ್ಲ ಉಲ್ಲೇಖ ಕೊಡಬೇಕು. ಮೂರನೇ ಉಲ್ಲೇಖವೆಂದು ಸಂಘದ ಸ್ಮರಣ ಸಂಚಿಕೆಯ ಪುಟಸಂಖ್ಯೆ ಹಾಕಿದಳು. ಆ ಪುಟದಲ್ಲಿ ಮದುವೆಯ ಬಗ್ಗೆ ಒಂದಕ್ಷರವೂ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು.

ಗುಜರಾತಿ ಪ್ರಾಧ್ಯಾಪಕರಿಗೆ ಕನ್ನಡ ಬಾರದು. ಉಲ್ಲೇಖದ ಅಂಕಿಗಳು ಸಾಲುಸಾಲಿಗೂ ಇರುವುದನ್ನು ನೋಡಿ, “ಬಹು ಸರಸ್, ಬೇಟಾ!” ಎಂದು ತರಗತಿಯೆದುರು ಹೊಗಳಿದರು.

ತಿಂಗಳೊಪ್ಪತ್ತಿನಲ್ಲಿ ಸಂಘದವರು ಅನಸೂಯರನ್ನು ಸನ್ಮಾನಕ್ಕೆ ಕರೆದರು. ಊಟ ಮಹಿಮಾಳ ಹೋಟೆಲಿನದೇ. ನಿರೂಪಣೆಗೆ ನಿಂತ ಗಣೇಶ್ ಅತಿಥಿಗಳ ಪರಿಚಯವನ್ನು ಮೊಬೈಲಿನಲ್ಲಿ ವಿಶ್ವಕೋಶ ತೆರೆದು ಓದತೊಡಗಿದ. ಮೊದಲೇ ಒಮ್ಮೆ ಕಣ್ಣಾಡಿಸಿಕೊಳ್ಳಬಾರದಿತ್ತೇ, ಪುಣ್ಯಾತ್ಮ! ಆ ವಾಕ್ಯ ಬಂದಾಗ ಅರ್ಧಕ್ಕೆ ತಡವರಿಸಿದ, ಹೇಗೆ ನಿಲ್ಲಿಸುವುದೆಂದು ತಿಳಿಯದೆ ಪೂರ್ತಿ ಓದಿಯೇಬಿಟ್ಟ. ತನ್ನದೇ ಮಾತು ಮೈಕಿನಲ್ಲಿ ಕೇಳಿ ಮಹಿಮಾಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅನಸೂಯ ಎದ್ದು ನಿಂತರು. “ಇದನ್ನ ಬರದವ್ರು ಯಾರೋ ನನಗ ಗೊತ್ತಿಲ್ಲ. ನನ್ನಂತೂ ಕೇಳಿಲ್ಲ,” ಎಂದರು. ಆಮೇಲೆ ಹತ್ತು ನಿಮಿಷ ಬಣ್ಣದ ನೀರಿನ ಬಗ್ಗೆಯೇ ಮಾತಾಡಿದರು. ಊಟಕ್ಕೆ ನಿಲ್ಲದೆ ಹೊರಟುಹೋದರು.

ಪಂಕ್ತಿಯಲ್ಲಿ ಅದೇ ಮಾತು. “ಛೇ, ಇದನ್ನೆಲ್ಲ ಬರೀತಾರಾ?” ಎಂದರು ಒಬ್ಬರು. “ನಮ್ಮ ಸಂಚಿಕೇಲೇ ಬಂದಿದೆಯಂತ್ರಿ, ಕೆಳಗೆ ಪುಟ ಕೊಟ್ಟಿದ್ದಾರೆ. ಸುಳ್ಳಿರಲಾರದು,” ಎಂದರು ಇನ್ನೊಬ್ಬರು. ಸಾರಿನ ಪಾತ್ರೆ ಹಿಡಿದು ಅವರೆದುರೇ ನಿಂತಿದ್ದ ಮಹಿಮಾ ಮುಂದಿನ ಎಲೆಗೆ ಸರಿದಳು. ಕೈತೊಳೆಯುವ ಕಡೆಗೆ ಹೋಗಿ ಮೊಬೈಲಿನಲ್ಲೇ ಆ ವಾಕ್ಯ ಅಳಿಸಿದಳು. ಆದರೆ ವಿಶ್ವಕೋಶದಲ್ಲಿ ಅಳಿಸಿದ್ದೂ ಉಳಿಯುತ್ತದೆ. ಪುಟದ ಇತಿಹಾಸ ತೆರೆದರೆ ಹಳೆಯ ವಾಕ್ಯವೂ ಬರೆದ ದಿನವೂ ಹಾಗೇ ಇದ್ದವು. ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಅನಸೂಯರ ಫ್ಲ್ಯಾಟಿಗೆ ಹೋದಳು. ಒಳಗೆ ಹೋಗಿ ಕೂತರೆ ಧೈರ್ಯ ಉಳಿಯದೆಂದು ಬಾಗಿಲಲ್ಲೇ ಹೇಳಿಬಿಟ್ಟಳು: “ಮೇಡಂ, ಅದನ್ನು ಬರೆದದ್ದು ನಾನು.”

ಅನಸೂಯ ಒಳಗೆ ಕರೆದು, ಕಪಾಟಿನಿಂದ ಸ್ಮರಣ ಸಂಚಿಕೆ ತೆಗೆದು ಅವಳ ಮುಂದಿಟ್ಟರು. “ಎಲ್ಲೈತಿ, ತೋರಸವ್ವ.”

“ಇದರಲ್ಲಿ ಇಲ್ಲ, ಮೇಡಂ.”

“ಮತ್ತ್ಯಾಕ ಬರದಿ?”

“ಜಾಗ ಖಾಲಿ ಕಾಣ್ತಿತ್ತು.”

ಅನಸೂಯ ಸಂಚಿಕೆಯನ್ನು ಮುಚ್ಚಿ ಪಕ್ಕಕ್ಕಿಟ್ಟರು. “ಖರೆ ಏನಂತ ನಿನಗ ನಾ ಹೇಳಂಗಿಲ್ಲ. ಹೇಳೂದು, ಬಿಡೂದು ನಂದು. ಮಂದಿ ಇಷ್ಟು ವರ್ಷ ಬೆನ್ನ ಹಿಂದ ಆಡಿದ್ರು, ನಾ ಕಿವ್ಯಾಗ ಹಾಕ್ಕೊಳ್ಳಲಿಲ್ಲ. ನೀ ಅದಕ್ಕ ಪುಟದ ನಂಬರ್ ಹಚ್ಚಿದಿ ನೋಡು, ಅದು ಭಾಳ ನೋವಾತು.”

“ತಪ್ಪಾಯ್ತು ಮೇಡಂ.” ಮಹಿಮಾಳ ಕಣ್ಣು ತುಂಬಿ ಬಂತು.

“ನನಗ ಹೇಳಿದಿ, ಆತು. ಕೇಳಿದವ್ರು ನೂರು ಮಂದಿ ಅದಾರ.”

ಮನೆಗೆ ಬಂದು ವಿಶ್ವಕೋಶದ ಚರ್ಚಾಪುಟದಲ್ಲಿ ತನ್ನ ಪೂರ್ಣ ಹೆಸರು ಹಾಕಿ, ಮೂರನೇ ಉಲ್ಲೇಖ ಸುಳ್ಳೆಂದೂ ಹಳೆಯ ವಾಕ್ಯವನ್ನು ಪುಟದ ಇತಿಹಾಸದಲ್ಲೂ ಮರೆಮಾಡಬೇಕೆಂದೂ ಬರೆದಳು. ಭಾನುವಾರ ಸಂಘದ ಸಭೆಯಲ್ಲಿಯೂ ಹೇಳುವೆನೆಂದಾಗ ಲಕ್ಷ್ಮಿ ಗಾಬರಿಯಾದರು.

“ಅಳಿಸಿ ಆಯ್ತಲ್ಲ, ಬಿಡು ಮಗಾ! ಸಂಘದವರೆಲ್ಲ ನಮ್ಮ ಗಿರಾಕಿಗಳು. ನಮ್ಮ ಮರ್ಯಾದೆ ಏನಾಗ್ತದೆ?”

“ಅವರ ಮರ್ಯಾದೆ ಏನಾಯ್ತು ಅಮ್ಮ? ಊಟ ಸಹ ಮಾಡದೆ ಹೋದ್ರಲ್ಲ.”

ಲಕ್ಷ್ಮಿ ಎದ್ದು ಒಳಗೆ ಹೋದರು. ಮೂರು ದಿನ ಮಗಳೊಡನೆ ಸರಿಯಾಗಿ ಮಾತೂ ಆಡಲಿಲ್ಲ.

ಭಾನುವಾರ ಮಹಿಮಾ ಗಣೇಶನಿಂದ ಮೈಕು ಕೇಳಿ ಪಡೆದಳು. “ಅವತ್ತು ಓದಿದ ಆ ಮಾತನ್ನು ಬರೆದದ್ದು ನಾನು. ಸಂಚಿಕೆಯಲ್ಲಿ ಅದಿಲ್ಲ. ಯಾರನ್ನೂ ವಿಚಾರಿಸದೆ ಬರೆದೆ. ಸುಳ್ಳು ಉಲ್ಲೇಖ ಹಾಕಿದೆ.”

ಸಭೆಯಲ್ಲಿ ಗುಜುಗುಜು ಎದ್ದಿತು. ಸಂಘದ ಹಿರಿಯ ಚನ್ನಬಸಪ್ಪ ಕೂತಲ್ಲಿಂದಲೇ ಕೇಳಿದರು. “ಅಲ್ಲವ್ವಾ, ನೀ ಸಣ್ಣಾಕಿ. ನಿನಗ ಇದನ್ನ ಹೇಳಿದವ್ರು ಯಾರು?”

“ಬರೆದದ್ದು ನಾನೇ ಸರ್. ತಪ್ಪು ನನ್ನದು,” ಎಂದು ಮಹಿಮಾ ತಲೆ ತಗ್ಗಿಸಿದಳು.

ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಲಕ್ಷ್ಮಿ ಎದ್ದು ನಿಂತಿದ್ದರು. ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

“ಹೇಳಿದ್ದು ನಾನು,” ಎಂದರು. “ನಂಗೂ ಏನೂ ಗೊತ್ತಿರಲಿಲ್ಲ.”