ಇಫ್ತಾರಿಗೆ ಹನ್ನೊಂದು ನಿಮಿಷ

ಕಾರೊಳಗೂ ಪೊಲೀಸರು ಬಂದು ಕೂತ್ಕೋಬೇಕಾ? — ಸ್ಟೀರಿಂಗ್ ಹಿಡಿದ ಅಬ್ರಾರ್ ಕೇಳಿದ್ದು ನನ್ನನ್ನಲ್ಲ, ಹಿಂದಿನ ಸೀಟಿನಲ್ಲಿ ನನ್ನ ತೊಡೆಗೊರಗಿದ ನಮ್ಮ ಮಾಹಿರಾಳನ್ನೂ ಅಲ್ಲ, ಎದುರಿಗೆ ನಿಂತ ಬಸ್ಸಿನ ಬೆನ್ನನ್ನಿರಬೇಕು, ಹಲಸೂರು ದಾಟಲು ಅರ್ಧ ಗಂಟೆ, ಕೆ.ಆರ್. ಪುರದ ಮನೆ ಇನ್ನೂ ಎಷ್ಟು ದೂರವೋ — ಮಕ್ಕಳಿರುವ ಕಾರಿನಲ್ಲಿ ಸಿಗರೇಟು ನಿಷೇಧಿಸಬೇಕೇ, ಫೋನ್ ಮಾಡಿ ಎನ್ನುತ್ತಿದ್ದಾಳೆ ರೇಡಿಯೊದವಳು, ನನ್ ಕಾರು ನನ್ ಮಗು ನನ್ ಹೊಗೆ ಮೇಡಂ ಎಂದವನು ಯಾರೋ ಕೆಂಪರಾಜ್, ಕಾನೂನು ಬೇಕು ಆದ್ರೆ ಹಿಡಿಯೋರ್ಯಾರು, ಹೆಲ್ಮೆಟ್ಟನ್ನೇ ಮೊಣಕೈಗೆ ಹಾಕ್ಕೊಂಡು ಓಡಿಸ್ತಾರೆ ನಮ್ ಜನ ಎಂದವಳು ಸುಕನ್ಯ, ಕಾಯ್ದೆ ಯಾಕ್ರೀ, ಮನೇಲಿ ಹೆಂಡ್ತಿ ಇಲ್ವಾ ಬಾಯ್ಬಿಟ್ಟು ಹೇಳೋಕೆ ಎಂದ ಇನ್ನೊಬ್ಬ, ಅಬ್ರಾರ್ ನಕ್ಕ, ಕೇಳಿದ್ಯಾ ನಾಜಿಶ್, ನಿನಗೇ ಡ್ಯೂಟಿ ಹಾಕ್ಬಿಟ್ಟ. ನಾನೂ ನಕ್ಕೆ, ನಗಬಾರದಿತ್ತು, ಆರು ವರ್ಷದಿಂದ ಹೀಗೇ ನಗುತ್ತಿದ್ದೇನೆ.

ಮಗುವಿನ ಗಂಟಲ ಕೆಳಗಿನ ಕುಳಿ ಒಳಗೆ ಹೋಗುತ್ತದೆ, ತುಂಬುತ್ತದೆ, ಒಳಗೆ ಹೋಗುತ್ತದೆ — ಮಧ್ಯಾಹ್ನ ಶಿವಾಜಿನಗರದ ಡಾಕ್ಟರು ಮುಖಕ್ಕೆ ಹಬೆಯ ಮಾಸ್ಕ್ ಇಟ್ಟು, ಇವತ್ತು ಒಂದು ಸಿಗರೇಟಿನ ಹೊಗೆ ಸಾಕಮ್ಮ, ಐಸಿಯುಗೆ ಹಾಕ್ಬೇಕಾಗುತ್ತೆ ಎಂದರು, ಅಬ್ರಾರ್ ಆಗ ಹೊರಗೆ ಪಾರ್ಕಿಂಗ್ ಹುಡುಕುತ್ತಿದ್ದ, ಆಮೇಲೆ ನಾನು ಹೇಳಲಿಲ್ಲ, ರೋಜಾ ಉಪವಾಸದವನ ಬಾಯಿ ಒಣಗಿದೆ, ಸಂಜೆ ಹೇಳೋಣ ಅಂದುಕೊಂಡೆ, ಸಂಜೆಯೇ ಅಪಾಯದ ಹೊತ್ತು ಎಂದು ಹೊಳೆಯಲೇ ಇಲ್ಲ. ಅಮ್ಮನ ತಾಯಿ, ನಾನಿ ಚಾಂದ್ ಬೀ, ನನಗೆ ಕಲಿಸಲೆಂದು ದೇವರ ಹಾಡನ್ನು ಸಾಲು ಸಾಲಾಗಿ ಹಾಡುತ್ತಿದ್ದಳು, ಸಾಲಿನ ಕೊನೆಗೆ ನಿಲ್ಲು ಬೇಟಾ, ನಿಲುಗಡೆಯೂ ಇಬಾದತ್ತೇ, ಪ್ರಾರ್ಥನೆಯೇ ಅನ್ನುತ್ತಿದ್ದಳು, ಕೇಳುವುದೊಂದನ್ನೇ ಕಲಿತ ಈ ಕಿವಿಗೆ ಮಾಹಿರಾಳ ಉಸಿರಿನ ನಿಲುಗಡೆ ಕೇಳಿಸುತ್ತಿದೆ, ಕೊನೆಯ ಸಣ್ಣ ಶಿಳ್ಳೆ ಕೇಳಿಸುತ್ತಿದೆ. ರಂಜಾನಿನ ಹಗಲೆಲ್ಲ ಈ ಕಾರು ಮಸೀದಿಯಷ್ಟು ಶುದ್ಧ, ರೋಜಾದಲ್ಲಿ ಹೊಗೆಯೂ ನಿಷಿದ್ಧ, ನಸುಕಿನ ಸಹರಿ ಊಟ ಮುಗಿಸಿ ಅಬ್ರಾರನೇ ಲೈಟರು ನನ್ನ ಕೈಗಿಡುತ್ತಾನೆ, ಇಟ್ಕೊ, ನನ್ ಕೈ ನಂಬ್ಬೇಡ — ನಾವು ಪೂರ್ವಕ್ಕೆ ಹೋಗುತ್ತಿದ್ದೇವೆ, ಸೂರ್ಯ ಬೆನ್ನಿಗಿದ್ದಾನೆ, ಕನ್ನಡಿಯಲ್ಲಿ ಕೆಂಪಾಗುತ್ತಿದ್ದಾನೆ, ಉಪವಾಸ ಬಿಡಲು ಇನ್ನು ಹನ್ನೊಂದು ನಿಮಿಷ, ಒಂಬತ್ತು, ಯಾ ಅಲ್ಲಾಹ್ ಅವನನ್ನು ಅಲ್ಲೇ ಹಿಡಿದಿಡು, ಅಜಾನ್ ಆಗದಿರಲಿ, ತೌಬಾ, ಇದೆಂಥ ದುವಾ, ಅಜಾನಿಗೆ ಹೆದರುವವಳು ಎಂಥ ಮುಸಲ್ಮಾನಳು, ಕುಳಿ ಒಳಗೆ ಹೋಯಿತು, ತಡವಾಗಿ ತುಂಬಿತು.

ಫೋನಿನಲ್ಲಿ ಅಜಾನ್. ಎಷ್ಟು ಚೆಂದದ ಸ್ವರ. ಖರ್ಜೂರ ಕೊಟ್ಟೆ, ನೀರು ಕೊಟ್ಟೆ, ಇನ್ನೊಂದು ಖರ್ಜೂರ ತಗೋ ಅಂದೆ, ಇನ್ನೊಂದು ಅಂದೆ, ಸಾಕು ಮಾರಾಯ್ತಿ ಅಂದ, ಅವನ ತುಟಿಗೆ ಸಿಗರೇಟು ಬಂದಾಗಿದೆ, ಕಿಟಕಿ ಇಳಿಸ್ತೀನಲ್ಲ, ಹೊಗೆ ಆಚೆ ಹೋಗುತ್ತೆ, ಹೋಗುವುದಿಲ್ಲ ಅದು, ತಿರುಗಿ ಇಲ್ಲಿಗೇ ಬರುತ್ತದೆ, ಇವಳ ಕೂದಲಿಗೆ, ಇವಳ — ಲೈಟರ್ ಕೊಡು, ಹಿಂದಕ್ಕೆ ಚಾಚಿದ ಅಂಗೈ, ನಾಜಿಶ್, ಸಿಗ್ನಲ್ ಬಿಡುತ್ತೆ, ಕೊಡು ಬೇಗ — ಕುಳಿ ಒಳಗೆ ಹೋಯಿತು, ಹೋಯಿತು, ಅಲ್ಲೇ ಇದೆ, ಆ ಕುಳಿ, ಇನ್ನೂ ಅಲ್ಲೇ —

ಕೊಡಲ್ಲ.