ರಕ್ತದ ಚೀಟಿ

ಕಸೂತಿ ಹಾಕಿದ ಹಾಸಿಗೆ ಬಟ್ಟೆಗಳ ಗಂಟನ್ನು ಅರ್ಗಿರೋ ಲಂಬ್ರಿನಿಯ ಮನೆ ಹೊಸ್ತಿಲ ಮೇಲೆ ಎಸೆದಳು. ಮದುವೆಗೆ ಮುಂಚೆ ಹೆಣ್ಣಿನ ಕಡೆಯಿಂದ ಗಂಡಿನ ಮನೆ ಸೇರಿದ ಬಟ್ಟೆ ಹೀಗೆ ಹಾಡುಹಗಲಲ್ಲಿ ಹಿಂದಕ್ಕೆ ಬಂದದ್ದನ್ನು ನಮ್ಮೂರು ಕಂಡಿರಲಿಲ್ಲ. ಎದುರಿನ ಕಾಫಿ ಅಂಗಡಿಯ ಗಂಡಸರು ಇಸ್ಪೀಟು ಕೆಳಗಿಟ್ಟು ಕುತ್ತಿಗೆ ಚಾಚಿದರು.

“ನಿನ್ನ ರಕ್ತ ಕೆಟ್ಟದ್ದು ಅಂತ ಅಥೆನ್ಸಿನ ಡಾಕ್ಟರೇ ಬರೆದುಕೊಟ್ಟಿದಾರೆ. ರೋಗದ ಸೊಸೆ ನಮಗೆ ಬೇಡಮ್ಮ.”

ಲಂಬ್ರಿನಿ ಹತ್ತಿ ಬಿಡಿಸಿ ಆಗಷ್ಟೇ ಹೊಲದಿಂದ ಬಂದಿದ್ದಳು.

“ರೋಗ ಅಲ್ಲ ಅತ್ತೆ. ಮೈಯ ಒಂದೊಂದು ಜೀವಕೋಶದಲ್ಲೂ ಅಪ್ಪಂದೊಂದು ಬರಹ, ಅಮ್ಮಂದೊಂದು ಬರಹ ಇರತ್ತಂತೆ. ಅದನ್ನ ಓದ್ಕೊಂಡೇ ರಕ್ತದ ಕೆಂಪು ಪ್ರೋಟೀನ್ ತಯಾರಾಗೋದು. ನನ್ನ ಒಂದು ಬರಹದಲ್ಲಿ ಒಂದಕ್ಷರ ತಪ್ಪಿದೆ. ಯಾವ ಕಾಲದ ಅಜ್ಜಿಗೆ ತಪ್ಪಿತ್ತೋ, ಹಾಗೇ ನಕಲಾಗ್ತಾ ಬಂದಿದೆ. ಇನ್ನೊಂದು ಬರಹ ನೆಟ್ಟಗಿದೆ, ನನಗೆ ಅಷ್ಟು ಸಾಕು. ಗಂಡ ಹೆಂಡ್ತಿ ಇಬ್ಬರಲ್ಲೂ ತಪ್ಪಿದ್ರೆ ಮಾತ್ರ ಮಗುವಿಗೆ ಆಪತ್ತು.”

“ಬಂದ್ಲಪ್ಪ ಪಂಡಿತೆ. ನಮ್ಮ ವಂಶದಲ್ಲಿ ಅಂಥದ್ದಿಲ್ಲ.”

“ಥಿಮಿಯೋಸೂ ಪರೀಕ್ಷೆಗೆ ರಕ್ತ ಕೊಟ್ಟಿದ್ನಲ್ಲ. ಅವನ ಚೀಟಿ ಎಲ್ಲಿ?”

ಅರ್ಗಿರೋಳ ಮಗ ಥಿಮಿಯೋಸ್ ಟ್ರ್ಯಾಕ್ಟರಿನಿಂದ ಇಳಿದೇ ಇರಲಿಲ್ಲ. ಸ್ಟೀರಿಂಗ್ ಚಕ್ರ ನೋಡುತ್ತ, “ನಂದೂ ಅದೇ, ಲಂಬ್ರಿನಿ” ಅಂದ.

“ಬಾಯ್ಮುಚ್ಚೋ,” ಎಂದಳು ತಾಯಿ.

ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಎಣಿಸುವ ಜನ. ಇಬ್ಬರಲ್ಲೂ ಅದೇ ತಪ್ಪಿದೆ ಎಂದು ಕೂತು ಮಾತಾಡಿ ಮದುವೆ ಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಮಗನ ಚೀಟಿ ಮುಚ್ಚಿಟ್ಟು ಹುಡುಗಿಯ ಮಾನವನ್ನು ಬೀದಿಯಲ್ಲಿ ಹರಾಜು ಹಾಕಿದಳಲ್ಲ, ನೆನೆದರೆ ಈಗಲೂ ಮೈ ಉರಿಯುತ್ತದೆ.

“ಭಾನುವಾರ ಬೆಟ್ಟದಾಚೆ ಊರಿಗೆ ಹೆಣ್ಣು ಕೇಳಕ್ಕೆ ಹೋಗ್ತೀರಂತೆ,” ಎಂದಳು ಲಂಬ್ರಿನಿ. “ಆ ಹುಡುಗಿಗೆ ಹೇಳ್ತೀರಾ?”

“ಹೇಳಿದ್ರೆ ಯಾರು ಕೊಡ್ತಾರೆ ಹೆಣ್ಣು?”

ಥಿಮಿಯೋಸ್ ಟ್ರ್ಯಾಕ್ಟರ್ ಚಾಲೂ ಮಾಡಿದ.

ಮರುದಿನ ಲಂಬ್ರಿನಿ ಹೊಲಕ್ಕೆ ಹೋಗಲಿಲ್ಲ. ಬೆಟ್ಟದಾಚೆಯ ಬಸ್ಸು ಹತ್ತಿ, ವಿಚಾರಿಸಿಕೊಂಡು ಹೋಗಿ ಆ ಮನೆಯ ಬಾಗಿಲು ತಟ್ಟಿದಳು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡ ಹುಡುಗಿಯೊಬ್ಬಳು ಬಾಗಿಲು ತೆರೆದಳು.

“ಥಿಮಿಯೋಸ್‌ಗೆ ನಿಶ್ಚಯವಾಗಿದ್ದವಳು ನಾನು. ಹೊಟ್ಟೆಕಿಚ್ಚಿಗೆ ಬಂದಿಲ್ಲ. ನನ್ನ ಹಾಗೇ ಅವನ ರಕ್ತದಲ್ಲೂ ವಂಶದಿಂದ ಬಂದ ತಪ್ಪೊಂದಿದೆ, ಮುಚ್ಚಿಡ್ತಿದಾರೆ. ನೀನು ಪರೀಕ್ಷೆ ಮಾಡಿಸ್ಕೊಂಡಿದೀಯಾ?”

ಹುಡುಗಿ ಒಮ್ಮೆ ಒಳಗೆ ತಿರುಗಿ ನೋಡಿದಳು. ಮೊಣಕೈಯಿಂದ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಮೆಟ್ಟಿಲಿಗೆ ಬಂದಳು.

“ಮಾಡಿಸ್ಕೊಂಡೆ,” ಎಂದಳು. “ಅಮ್ಮ ಆ ಚೀಟೀನ ಒಲೆಗೆ ಹಾಕಿಬಿಟ್ಳು.”